ಸೊನ್ನೆ ದಶಮಾಂಶ ನಾಲ್ಕನ್ನು ನಂಬಿ ಅಕ್ಟೋಬರ್‌ನಲ್ಲಿ ಮದುವೆ ಇಟ್ಟುಕೊಂಡವನ ದೂರು

ಶ್ರೀಮತ್ ಸಾಧ್ಯತಾ ಗಣಕಯಂತ್ರದವರ ಸನ್ನಿಧಿಗೆ,
ಬೇಸ್‌ಬಾಲ್ ಲೀಗ್‌ನ ಕೇಂದ್ರ ಕಚೇರಿ, ನೆಲಮಾಳಿಗೆ.

ಪೋರ್ಟ್ ಹ್ಯಾಡ್ಲಿ, ಒಹಾಯೊ
ಸೋಮವಾರ, ಸೆಪ್ಟೆಂಬರ್ 29

ಮಾನ್ಯರೇ,

ತಮ್ಮ ಪಂಖಗಳು ತಂಪಾಗಿ ತಿರುಗುತ್ತಿವೆ, ತಮ್ಮ ವಿದ್ಯುತ್ತು ಎಲ್ಲೂ ತಡವರಿಸದೆ ಹರಿಯುತ್ತಿದೆ, ತಮ್ಮ ಮೇಲೆ ಯಾರೂ ಕಾಫಿ ಚೆಲ್ಲಿಲ್ಲ ಎಂದು ಹಾರೈಸುತ್ತಾ, ಮೂವತ್ತೊಂದು ವರ್ಷ ಬಿಸಿಲು ಮಳೆ ಕಂಡ ನನ್ನ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದು ತಮಗೆ ಬಗ್ಗಿ ವಂದಿಸುತ್ತೇನೆ. ನಾನು ದೂರು ಬರೆಯುವವರ ಪೈಕಿ ಅಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಈ ಊರಿನ ಮಕ್ಕಳನ್ನು ಹಳದಿ ಬಸ್ಸಿನಲ್ಲಿ ಶಾಲೆಗೆ ಮುಟ್ಟಿಸುತ್ತಿರುವ ನಾನು ಈವರೆಗೆ ಬರೆದ ದೂರುಗಳು ಒಟ್ಟು ಎರಡು. ಎರಡೂ ಬಸ್ಸಿನ ಒಂದೇ ಹೀಟರಿನ ಬಗ್ಗೆ. ಅಂಥವನು ತಮ್ಮಂಥ ದೊಡ್ಡವರ ಬಾಗಿಲಿಗೆ ಮೂರನೆಯ ದೂರು ಹೊತ್ತು ಬಂದದ್ದಕ್ಕೆ ಕ್ಷಮೆಯಿರಲಿ. ಇಂದು ಬೆಳಗಿನ ಪತ್ರಿಕೆಯಲ್ಲಿ ತಾವು ಕೊಟ್ಟಿರುವ ಅಂಕಿಯ ವಿಷಯಕ್ಕೆ ಆಮೇಲೆ ಬರುತ್ತೇನೆ. ನನ್ನ ತಕರಾರು ಮೇ ತಿಂಗಳ ಇಪ್ಪತ್ತೊಂಬತ್ತನೆಯ ತಾರೀಕು ತಾವು ಕೊಟ್ಟ ಅಂಕಿಯ ಬಗ್ಗೆ.

ಮೊದಲು ತಮ್ಮ ಕಾರ್ಯಕ್ಷಮತೆಯನ್ನು ಹೊಗಳದೆ ಮುಂದೆ ಹೋದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ದಿನಾ ಬೆಳಿಗ್ಗೆ ತಾವು ಸೀಸನ್ನಿನ ಉಳಿದ ಪಂದ್ಯಗಳನ್ನೆಲ್ಲ ತಮ್ಮ ಹೊಟ್ಟೆಯೊಳಗೇ ಹತ್ತು ಸಾವಿರ ಸಲ ಆಡಿ ನೋಡುತ್ತೀರಿ. ಯಾವ ತಂಡ ಎಷ್ಟು ಸಲ ಲೀಗಿನಲ್ಲಿ ತನ್ನ ವಿಭಾಗದ ಪಟ್ಟ ಗೆದ್ದಿತೆಂದು ಎಣಿಸುತ್ತೀರಿ. ಆ ಎಣಿಕೆಯನ್ನು ಶೇಕಡಾ ಲೆಕ್ಕದಲ್ಲಿ ಪತ್ರಿಕೆಗೆ ಕಳಿಸುತ್ತೀರಿ. ನಾನು ಒಂದೇ ಒಂದು ಪಂದ್ಯ ನೋಡಿ ಮುಗಿಸುವಷ್ಟರಲ್ಲಿ ಅಂಗಿ ತೊಯ್ದು, ಗಂಟಲು ಕಟ್ಟಿ, ಹೆಂಡತಿಯ ಕೈಲಿ ಎರಡು ಸಲ ಬೈಸಿಕೊಂಡಿರುತ್ತೇನೆ. ತಾವು ಹತ್ತು ಸಾವಿರ ಸೀಸನ್ನುಗಳನ್ನು ಒಂದು ಹನಿ ಬೆವರಿಲ್ಲದೆ, ಒಂದು ಕಾಳು ಕಡಲೆಕಾಯಿ ಮುಟ್ಟದೆ, ಅಂಪೈರನಿಗೆ ಒಂದು ಮಾತು ಬೈಯದೆ ಮುಗಿಸಿಬಿಡುತ್ತೀರಿ. ಎಂಥ ಸಂಯಮ! ನಮ್ಮ ಫಾದರ್ ಯಾನ್ಚಾರ್ ಅವರಿಗೂ ಇಷ್ಟು ಸಂಯಮವಿಲ್ಲ, ಅವರು ಪಾದ್ರಿಗಳು.

ಇನ್ನು ನಮ್ಮೂರಿನ ಒಂದು ಪದ್ಧತಿಯನ್ನು ತಮ್ಮ ಗಮನಕ್ಕೆ ತರಬೇಕು. ನಮ್ಮ ತಂಡ ಹ್ಯಾಡ್ಲಿ ಹೆರಾನ್ಸ್. ಟೋಪಿಯ ಮೇಲೆ ಒಂಟಿಕಾಲಲ್ಲಿ ನಿಂತ ಕೊಕ್ಕರೆಯ ಚಿತ್ರ. ಈ ಕೊಕ್ಕರೆ ವಿಭಾಗದ ಪಟ್ಟ ಗೆದ್ದು ಮೂವತ್ತೊಂದು ವರ್ಷವಾಯಿತು. ಪಟ್ಟ ಗೆದ್ದವರಿಗೆ ಮಾತ್ರ ಅಕ್ಟೋಬರ್‌ನಲ್ಲಿ ಆಟ, ಉಳಿದವರಿಗೆ ಮನೆ. ಹೀಗಾಗಿ ಮೂವತ್ತೊಂದು ವರ್ಷದಿಂದ ನಮಗೆ ಅಕ್ಟೋಬರ್‌ನಲ್ಲಿ ಮಾಡಲು ಯಾವ ಘನಕಾರ್ಯವೂ ಇಲ್ಲ. ಆದರೂ ನಮ್ಮೂರಿನವರು ಅಕ್ಟೋಬರ್‌ನಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ, ನಾಮಕರಣ ಇಟ್ಟುಕೊಳ್ಳುವುದಿಲ್ಲ, ಮಂಡಿಯ ಆಪರೇಷನ್ನನ್ನು ನವೆಂಬರಿಗೆ ತಳ್ಳುತ್ತಾರೆ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿನ ಮದುವೆ ಮುಂಜಿಗಳೆಲ್ಲ ನಡೆಯುವ ಸ್ಲೋವಾಕ್ ಸಭಾಂಗಣದ ಡೈರಿಯಲ್ಲಿ ಅಕ್ಟೋಬರ್ ಪುಟಗಳು ಮೂವತ್ತೊಂದು ವರ್ಷದಿಂದ ಬೆಳ್ಳಗೆ ಉಳಿದಿವೆ. ಒಂದು ವೇಳೆ ಗೆದ್ದುಬಿಟ್ಟರೆ ಎಂಬ ಒಂದೇ ಒಂದು ಯೋಚನೆಗಾಗಿ ಇಡೀ ಊರು ವರ್ಷಕ್ಕೊಂದು ತಿಂಗಳನ್ನು ಖಾಲಿ ಬಿಟ್ಟು ಕಾಯುತ್ತದೆ.

ಆ ಪದ್ಧತಿಯನ್ನು ಮುರಿದ ಮಹಾಪುರುಷ ನಾನೇ. ಮೇ ಕೊನೆಯಲ್ಲಿ ನನ್ನ ಒಬ್ಬಳೇ ಮಗಳು ಟೆಸ್, ಶಾಲೆಯ ಬ್ಯಾಂಡ್ ಮೇಷ್ಟ್ರು, ತಾನು ಮದುವೆಯಾಗುವ ಹುಡುಗನನ್ನು ಕರೆದುಕೊಂಡು ಮನೆಗೆ ಬಂದಳು. ಹುಡುಗನ ಹೆಸರು ಗೋರ್ಡಿ. ವೃತ್ತಿಯಿಂದ ಕಣ್ಣಿನ ಡಾಕ್ಟರು, ನಂಬಿಕೆಯಿಂದ ಡನ್‌ಮೋರ್ ಮ್ಯೂಲ್ಸ್ ತಂಡದ ಅಭಿಮಾನಿ. ಹೇಸರಗತ್ತೆಯನ್ನು ಲಾಂಛನ ಮಾಡಿಕೊಂಡು ಅದಕ್ಕೆ ತಕ್ಕಂತೆ ಆಡುವ ತಂಡದಲ್ಲಿ ಒಬ್ಬ ಕಣ್ಣಿನ ಡಾಕ್ಟರಿಗೆ ಏನು ಕಂಡಿತೋ ನನಗೆ ಇಂದಿಗೂ ತಿಳಿಯದು. ಇರಲಿ, ಹುಡುಗ ಒಳ್ಳೆಯವನು. ಇಬ್ಬರಿಗೂ ಮದುವೆ ಈ ವರ್ಷವೇ ಆಗಬೇಕು, ಚರ್ಚು ಮತ್ತು ಸಭಾಂಗಣ ಎರಡೂ ಒಂದೇ ದಿನ ಸಿಗಬೇಕು. ಸಭಾಂಗಣ ಖಾಲಿಯಿದ್ದದ್ದು ಅಕ್ಟೋಬರ್‌ನಲ್ಲಿ ಮಾತ್ರ, ಅದರಲ್ಲಿ ಫಾದರ್‌ಗೂ ಬಿಡುವಿದ್ದ ದಿನ ಒಂದೇ: ಅಕ್ಟೋಬರ್ ನಾಲ್ಕು, ಶನಿವಾರ, ಮಧ್ಯಾಹ್ನ ಎರಡು ಗಂಟೆ. ಟೆಸ್ ನನ್ನ ಮುಖ ನೋಡಿದಳು. "ಅಪ್ಪಾ, ನೀನು ಬೇಡ ಅಂದ್ರೆ ಬೇಡ" ಅಂದಳು.

ಆಗ ನಾನು ಮಾಡಿದ್ದೇನು ಸ್ವಾಮಿ? ಪತ್ರಿಕೆ ತೆಗೆದು ತಮ್ಮ ಅಂಕಿ ನೋಡಿದೆ. ಅಂದಿಗೆ ಹೆರಾನ್ಸ್ ಐವತ್ತನಾಲ್ಕು ಪಂದ್ಯ ಆಡಿ ಗೆದ್ದಿದ್ದು ಹತ್ತೊಂಬತ್ತು. ವಿಭಾಗದ ಪಟ್ಟ ಗೆಲ್ಲುವ ಸಾಧ್ಯತೆ, ತಮ್ಮ ಅಮೃತಹಸ್ತದಿಂದ: ಶೇಕಡಾ ಸೊನ್ನೆ ದಶಮಾಂಶ ನಾಲ್ಕು. ಹತ್ತು ಸಾವಿರದಲ್ಲಿ ನಲವತ್ತು. ನನ್ನ ತಲೆಗೆ ಅದು ಹೊಕ್ಕಿದ್ದೇ ತಡ, ಹಗ್ಗ ಬಿಚ್ಚಿದ ಕರುವಿನಂತಾದೆ. ಮೂವತ್ತೊಂದು ವರ್ಷ ಕಾದದ್ದು ಸಾಕು, ಯಂತ್ರವೇ ಹೇಳಿದೆ, ಇನ್ನು ನಾನು ಮನುಷ್ಯರಂತೆ ಬದುಕಬಹುದು ಎಂದುಕೊಂಡು, ಸ್ವತಃ ಸಭಾಂಗಣಕ್ಕೆ ಹೋಗಿ, ಆ ಬೆಳ್ಳಗಿನ ಪುಟದ ಮೇಲೆ ನನ್ನ ಕೈಯಿಂದಲೇ ಮಗಳ ಹೆಸರು ಬರೆದು ಬಂದೆ. ನನ್ನ ಹೆಂಡತಿ ರೋಸ್‌ಮೇರಿ ಮಾತ್ರ, "ಸ್ಟ್ಯಾನ್, ಇದು ನಿನ್ನ ಮೈಮೇಲೇ ಬರುತ್ತೆ ನೋಡ್ತಿರು" ಅಂದಳು. ನಾನು ಪತ್ರಿಕೆಯ ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

ಅದೇ ಸಂಜೆ ಹೆರಾನ್ಸ್ ಗೆದ್ದರು. ಮರುದಿನ ಗೆದ್ದರು. ಅದರ ಮರುದಿನವೂ ಗೆದ್ದರು. ಜೂನ್ ತಿಂಗಳಲ್ಲಿ ಸಾಲಾಗಿ ಹದಿಮೂರು ಪಂದ್ಯ ಗೆದ್ದು ನಿಂತಾಗ ನನಗೆ ಅಳಬೇಕೋ ಕುಣಿಯಬೇಕೋ ತಿಳಿಯದೆ ಬಸ್ಸಿನ ಹಾರ್ನ್ ಒತ್ತಿಕೊಂಡೇ ಮೂರು ಬೀದಿ ದಾಟಿದೆ. ಸೀಸನ್ ಶುರುವಾದಾಗಿನಿಂದ ಬೆಂಚಿನ ಮೇಲೆ ಕೂತು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತಿದ್ದ ಇಸ್ಮಾಯೆಲ್ ಕಿರೋಸ್ ಎಂಬ ಹುಡುಗ ಒಮ್ಮಿಂದೊಮ್ಮೆಗೆ ಕೆರೆ ದಾಟುವಂತೆ ಚೆಂಡು ಹೊಡೆಯತೊಡಗಿದ. ಮೂವತ್ತೊಂಬತ್ತು ವಯಸ್ಸಿನ ನಮ್ಮ ಪಿಚರ್ ಬಡ್ ಹ್ಯಾನ್ಲಿ, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳುವ ಮನುಷ್ಯ, ಮೈದಾನದಲ್ಲಿ ಮಾತ್ರ ಚೆಂಡನ್ನು ಎಂಥ ನಿಧಾನಕ್ಕೆ ಎಸೆಯುತ್ತಿದ್ದನೆಂದರೆ, ಬ್ಯಾಟು ಹಿಡಿದವರು ಅದು ತಲುಪುವ ಮೊದಲೇ ಬೀಸಿ ಮುಗಿಸಿ ತಬ್ಬಿಬ್ಬಾಗಿ ನಿಲ್ಲುತ್ತಿದ್ದರು. ತಮ್ಮ ಅಂಕಿ ಜೂನ್ ಕೊನೆಗೆ ಮೂರಾಯಿತು, ಜುಲೈಗೆ ಹನ್ನೊಂದಾಯಿತು. ತಾವು ಸೊನ್ನೆ ದಶಮಾಂಶ ನಾಲ್ಕರ ಬಗ್ಗೆ ಒಂದು ಸಾಲಿನ ವಿಷಾದವನ್ನಾದರೂ ಅಚ್ಚು ಮಾಡಿಸುತ್ತೀರೆಂದು ಕಾದೆ. ದೊಡ್ಡವರು, ಹಳೆಯದನ್ನು ಮರೆತುಬಿಡುತ್ತೀರಿ.

ಜುಲೈನಲ್ಲಿ ನಾನು ಮದುವೆಯ ದಿನ ಬದಲಾಯಿಸಲು ಹೊರಟೆ. ಆಗ ಶುರುವಾಯಿತು ನೋಡಿ ನಿಜವಾದ ರಾಮಾಯಣ. ಮೂಲೆಯ ಬಾರಿನ ಒಡತಿ ಮಿಟ್ಜಿ ಕೊವಾಚ್, ಮೈದಾನದಲ್ಲಿ ಇಪ್ಪತ್ತಾರು ವರ್ಷದಿಂದ ನನ್ನ ಹಿಂದಿನ ಸಾಲಿನಲ್ಲಿ ಕೂರುವವಳು, ಎಲ್ಲರೆದುರು ನನ್ನ ಕಾಲರ್ ಹಿಡಿದಳು. "ಲೋ ಸ್ಟ್ಯಾನ್, ನೀನು ಆ ಡೈರೀಲಿ ಹೆಸರು ಬರೆದ ದಿನದಿಂದ ನಾವು ಗೆಲ್ತಾ ಇದೀವಿ. ಆ ಹೆಸರು ಅಳಿಸಿ ನೋಡು, ನಿನ್ನ ಕೈ ಮುರೀತೀನಿ!" ಅವಳ ತರ್ಕ ಹೀಗಿತ್ತು: ಊರೆಲ್ಲ ಕಾಯುತ್ತಿದ್ದಾಗ ಕೊಕ್ಕರೆ ಗೆಲ್ಲಲಿಲ್ಲ, ಒಬ್ಬ ಮೂರ್ಖ ಕಾಯುವುದನ್ನು ಬಿಟ್ಟ ಕೂಡಲೇ ಗೆಲ್ಲತೊಡಗಿತು, ಆದ್ದರಿಂದ ಆ ಮೂರ್ಖ ಈಗ ಕಾಯಲು ಶುರುಮಾಡಬಾರದು. ತಮ್ಮ ಹತ್ತು ಸಾವಿರ ಆಟಗಳಿಗಿಂತ ಈ ತರ್ಕ ಊರಿಗೆ ಚೆನ್ನಾಗಿ ಅರ್ಥವಾಯಿತು. ಗಂಟೆಯನ್ನಾದರೂ ಬದಲಾಯಿಸೋಣವೆಂದು ಫಾದರ್ ಯಾನ್ಚಾರ್ ಬಳಿ ಹೋದರೆ ಅವರು ಕಣ್ಣು ಒರೆಸಿಕೊಂಡು, "ಎರಡು ಗಂಟೆ ಅಂತ ಬರೆದಾಗಿದೆ ಸ್ಟ್ಯಾನ್, ಎರಡು ಗಂಟೆಗೇ ಆಗಬೇಕು. ನಂದೂ ಸೀಟಿದೆಯಪ್ಪಾ ಮೈದಾನದಲ್ಲಿ, ನನ್ನ ಸಂಕಟ ಯಾರಿಗೆ ಹೇಳಲಿ?" ಅಂದರು. ಪಟ್ಟ ಗೆದ್ದವರ ಅಕ್ಟೋಬರ್ ಸುತ್ತಿನ ಮೊದಲ ಆಟ ನಮ್ಮ ಮೈದಾನದಲ್ಲೇ, ಅದೇ ಶನಿವಾರ, ಮಧ್ಯಾಹ್ನ ಒಂದು ಗಂಟೆ ಎಂಟು ನಿಮಿಷಕ್ಕೆ ಎಂದು ಲೀಗು ಮೊದಲೇ ಅಚ್ಚು ಹಾಕಿಸಿತ್ತು. ನಾವು ಪಟ್ಟ ಗೆದ್ದು ಬಂದರೆ, ಅಷ್ಟೆ.

ಇನ್ನು ಎದುರಾಳಿಗಳ ಬಲಾಬಲ. ಇದನ್ನು ತಮಗೆ ವಿವರಿಸುವುದು ಉದ್ಧಟತನವೇ ಸರಿ. ಆದರೂ ಆಗಸ್ಟ್ ಪೂರ್ತಿ ಬಸ್ಸಿನ ಸ್ಟಿಯರಿಂಗ್ ಹಿಡಿದು ನಾನು ಬೇರೆ ಏನನ್ನೂ ಯೋಚಿಸಲಿಲ್ಲವಾದ್ದರಿಂದ ಹೇಳಿಬಿಡುತ್ತೇನೆ. ಮುಂದೆ ಇದ್ದವರು ಕಾರ್ಥೇಜ್ ಕಿಂಗ್ಸ್. ತಾವು ಅವರಿಗೆ ಎಂಬತ್ತರ ಮೇಲೆ ಕೊಟ್ಟು ಕೂರಿಸಿದ್ದಿರಿ. ಅವರ ಪಿಚರ್ ಡಾಲ್ಟನ್ ರೀಸ್ ಎಸೆಯುವ ಚೆಂಡು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಕೇಳಿಸುತ್ತದೆ, ಒಪ್ಪಿದೆ. ಆದರೆ ಆ ಮಹಾಶಯ ಎಸೆದಾದ ಮೇಲೆ ಪ್ರತಿ ಸಲ ಮೊಣಕೈ ನೀವಿಕೊಳ್ಳುತ್ತಾನೆ, ಅದನ್ನು ತಾವು ಕಂಡಿದ್ದೀರಾ? ಕಿಂಗ್ಸ್ ಆಟಗಾರರು ಒಬ್ಬರ ಪಕ್ಕ ಒಬ್ಬರು ಕೂತು ತಿನ್ನುವುದಿಲ್ಲ, ಅದು ತಮ್ಮ ಲೆಕ್ಕದಲ್ಲಿದೆಯೇ? ಸೆಪ್ಟೆಂಬರ್‌ನಲ್ಲಿ ಹೆದರಿದ ತಂಡ ಹೇಗೆ ಉಗುಳು ನುಂಗುತ್ತದೆಂದು ನಾನು ನಮ್ಮ ತಂಡದಲ್ಲೇ ಮೂವತ್ತು ವರ್ಷ ನೋಡಿದ್ದೇನೆ, ಕಿಂಗ್ಸ್ ಹಾಗೆಯೇ ನುಂಗುತ್ತಿದ್ದರು. ಮ್ಯೂಲ್ಸ್ ವಿಷಯ ಬೇರೆ. ಅವರಿಗೆ ಹೊಡೆಯಲು ಬರುವುದಿಲ್ಲ, ಓಡಲು ಬರುವುದಿಲ್ಲ. ಆದರೆ ಕೊನೆಯ, ಅಂದರೆ ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಆರು ರನ್ ಹಿಂದಿದ್ದರೂ ಮೈದಾನ ಬಿಟ್ಟು ಅಲ್ಲಾಡುವುದಿಲ್ಲ, ಎದುರಾಳಿಗೇ ಬೇಸರ ಬರಿಸಿ ಗೆಲ್ಲುತ್ತಾರೆ. ಗೋರ್ಡಿ ಊಟಕ್ಕೆ ಬಂದಾಗಲೆಲ್ಲ, "ಸರ್, ನಿಮ್ಮ ಕೊಕ್ಕರೆ ಒಂಟಿಕಾಲಲ್ಲಿ ಎಷ್ಟು ದಿನ ನಿಲ್ಲುತ್ತೆ?" ಎನ್ನುತ್ತಿದ್ದ. "ನಿಮ್ಮ ಕತ್ತೆ ನಾಲ್ಕು ಕಾಲಿದ್ದೂ ಎಲ್ಲಿಗೂ ಹೋಗಿಲ್ವಲ್ಲ ಮರಿ" ಎಂದು ನಾನು ಪಿಯೆರೋಗಿ ಕಡುಬು ಬಡಿಸುತ್ತಿದ್ದೆ.

ಸೆಪ್ಟೆಂಬರ್ ಮಧ್ಯಕ್ಕೆ ತಾವು ನಮಗೆ ಅರವತ್ತೊಂದು ಕೊಟ್ಟಿರಿ. ಆ ದಿನ ನಾನು ಊಟ ಮಾಡಲಿಲ್ಲ. ಮಗಳ ಗೌನಿನ ಅಳತೆ ನೋಡಲು ಹೋದ ಕಡೆ ದರ್ಜಿಯ ಹೆಂಗಸಿಗೆ ಕಿರೋಸನ ಹೊಡೆತಗಳ ಸರಾಸರಿ ಹೇಳಿ ಬೈಸಿಕೊಂಡೆ. ಆಮೇಲೆ ಹೆರಾನ್ಸ್ ಸಾಲಾಗಿ ಐದು ಪಂದ್ಯ ಸೋತರು, ತಾವು ಒಂದೇ ವಾರದಲ್ಲಿ ನಮ್ಮನ್ನು ಇಪ್ಪತ್ತೆರಡಕ್ಕೆ ಇಳಿಸಿದಿರಿ. ತಮಾಷೆಯೆಂದರೆ, ಆಗ ನನ್ನ ಮನಸ್ಸು ಹಗುರವಾಗಬೇಕಿತ್ತು. ಸೋತರೆ ಮದುವೆ ಸಲೀಸು, ಶನಿವಾರ ಸಲೀಸು, ರೋಸ್‌ಮೇರಿ ಸಲೀಸು. ಆದರೆ ಐದನೆಯ ಸೋಲಿನ ಸಂಜೆ ಗ್ಯಾರೇಜಿನಲ್ಲಿ ಒಬ್ಬನೇ ಕೂತು ಅತ್ತೆ. ಹಾಗೆಂದು ಗೆಲ್ಲಲಿ ಎಂದು ಬೇಡಿಕೊಳ್ಳಲು ಹೊರಟರೆ ಕೈಕೂಸಾಗಿದ್ದ ಟೆಸ್‌ಳ ಮುಖ ಎದುರಿಗೆ ಬಂದು ನಿಲ್ಲುತ್ತಿತ್ತು. ಯಾಕೆಂದು ಹೇಳಬೇಕು. ಮೂವತ್ತೊಂದು ವರ್ಷದ ಹಿಂದೆ ಹೆರಾನ್ಸ್ ಪಟ್ಟ ಗೆದ್ದು ಅಕ್ಟೋಬರ್‌ನಲ್ಲಿ ನಮ್ಮೂರ ಮೈದಾನದಲ್ಲಿ ಆಡಿದ ಆ ಒಂದೇ ಒಂದು ದಿನ ನಾನು ಆಸ್ಪತ್ರೆಯಲ್ಲಿದ್ದೆ, ಕೈಯಲ್ಲಿ ಟಿಕೆಟ್ ಇಟ್ಟುಕೊಂಡು. ಟೆಸ್ ಹುಟ್ಟಿದ್ದು ಅಂದೇ. ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಟರ್ಕಿ ಕೋಳಿ ಕೊಯ್ಯುತ್ತಾ ನಾನು ಈ ಕಥೆ ಹೇಳಿ ಅವಳನ್ನು ಗೋಳುಹೊಯ್ದುಕೊಳ್ಳುತ್ತೇನೆ.

ನಿನ್ನೆ ಭಾನುವಾರ, ಸೀಸನ್ನಿನ ಕೊನೆಯ ದಿನ. ಕಿಂಗ್ಸ್ ನಮಗಿಂತ ಒಂದು ಪಂದ್ಯ ಮುಂದೆ. ನಾವು ಗೆಲ್ಲಬೇಕು, ಕಿಂಗ್ಸ್ ಸೋಲಬೇಕು. ಹಾಗಾದರೆ ಇಬ್ಬರೂ ಸಮ, ಮುಖಾಮುಖಿ ಲೆಕ್ಕದಲ್ಲಿ ನಾವು ಅವರನ್ನು ಹೆಚ್ಚು ಸಲ ಸೋಲಿಸಿದ್ದರಿಂದ ಪಟ್ಟ ನಮ್ಮದು. ತಾವು ಬೆಳಿಗ್ಗೆ ಕೊಟ್ಟ ಅಂಕಿ ಇಪ್ಪತ್ತಾರು. ಕಿಂಗ್ಸ್ ಎದುರು ಆಡಬೇಕಿದ್ದವರು ಯಾರು? ನಾಲ್ಕು ದಿನದ ಹಿಂದೆಯೇ ಲೆಕ್ಕದಿಂದ ಹೊರಬಿದ್ದು, ಗೆದ್ದರೂ ಸೋತರೂ ಒಂದೇ ಆಗಿದ್ದ ಮ್ಯೂಲ್ಸ್! ಮಾನ್ಯರೇ, ಅರವತ್ತೆರಡು ವರ್ಷ ಬದುಕಿದ ನಾನು, ನನ್ನ ಅಪ್ಪನ ಸಮಾಧಿಯ ಮುಂದೆ ನಿಂತು ಮ್ಯೂಲ್ಸ್‌ಗೆ ಒಳ್ಳೆಯದಾಗಲಿ ಎಂದು ಎಂದೂ ಹೇಳುವುದಿಲ್ಲ ಎಂದು ಮಾತು ಕೊಟ್ಟ ನಾನು, ನಿನ್ನೆ ಮಧ್ಯಾಹ್ನ ನನ್ನ ಸೋಫಾದ ಮೇಲೆ ಗೋರ್ಡಿಯ ಪಕ್ಕ ಕೂತು, ಅವನ ಬಿಡಿ ಟೋಪಿಯನ್ನು, ಅಂದರೆ ಆ ಕತ್ತೆಯ ಟೋಪಿಯನ್ನು, ತಲೆಗೆ ಹಾಕಿಕೊಂಡೆ. ರೋಸ್‌ಮೇರಿ ಫೋಟೊ ತೆಗೆದಳು. ಮದುವೆಗೆ ಬಂದವರಿಗೆಲ್ಲ ಬಿಸ್ಕತ್ತು ಜೋಡಿಸಿಡುವ ಕುಕಿ ಮೇಜಿಗಾಗಿ ಚಿಕ್ಕಮ್ಮ ದೊಡ್ಡಮ್ಮಂದಿರೆಲ್ಲ ಅಡುಗೆಮನೆಯಲ್ಲಿ ಸಾವಿರಗಟ್ಟಲೆ ಬಿಸ್ಕತ್ತು ಬೇಯಿಸುತ್ತಿದ್ದವರು, ಹಿಟ್ಟಿನ ಕೈಯಲ್ಲೇ ಬಂದು ನನ್ನನ್ನು ನೋಡಿ ನಕ್ಕು ಹೋದರು.

ಹೆರಾನ್ಸ್ ಬೇಗ ಮುಗಿಸಿದರು: ಏಳು-ಎರಡು, ಬಡ್ ಹ್ಯಾನ್ಲಿ ಎಂಟು ಇನ್ನಿಂಗ್ಸ್. ಉಳಿದದ್ದು ಆ ಇನ್ನೊಂದು ಆಟ. ಒಂಬತ್ತನೆಯ ಇನ್ನಿಂಗ್ಸಿಗೆ ಕಿಂಗ್ಸ್ ಒಂದು ರನ್ ಮುಂದೆ, ಎಸೆಯಲು ನಿಂತವನು ಡಾಲ್ಟನ್ ರೀಸ್, ಮ್ಯೂಲ್ಸ್‌ನಲ್ಲಿ ಇಬ್ಬರು ಔಟು, ಇನ್ನೊಬ್ಬ ಔಟಾದರೆ ಅವರ ಆಟ ಮುಗಿಯಿತು. ಬ್ಯಾಟು ಹಿಡಿದು ಬಂದವನು ಅವರ ಕ್ಯಾಚರ್, ಹೊಟ್ಟೆ ಬೆಲ್ಟಿನ ಮೇಲೆ ಕೂತಿರುವ ಮನುಷ್ಯ; ಚೆಂಡನ್ನು ಬೇಲಿ ದಾಟಿಸಿ ಹೋಮ್ ರನ್ ಹೊಡೆದು ಎರಡು ವರ್ಷವಾಗಿತ್ತು. ಅವನು ಚೆಂಡಿನ ಮೇಲೆ ಚೆಂಡು ಅಂಚಿಗೆ ತಾಗಿಸಿ ಹೊರಗೆ ಕಳಿಸುತ್ತಾ ಹನ್ನೆರಡು ಚೆಂಡು ನಿಂತ. ನಾನು ಸೋಫಾದ ಮೇಲೆ ಹತ್ತಿ ನಿಂತು, "ಬಿಡಬೇಡ ಕಣೋ ಕತ್ತೆ! ನಿಂತ್ಕೊ! ಅಲ್ಲಾಡ್ಬೇಡ!" ಎಂದು ಅರಚುತ್ತಿದ್ದೆ. ಗೋರ್ಡಿಗೆ ಮ್ಯೂಲ್ಸ್ ಸೋತರೇ ಒಳ್ಳೆಯದಿತ್ತು, ಮಾವ ಶನಿವಾರ ಮದುವೆಯಲ್ಲಿ ನೆಮ್ಮದಿಯಿಂದ ಇರುತ್ತಿದ್ದ. ಆದರೂ ಆ ಹುಡುಗ ನನ್ನ ಕೈ ಹಿಡಿದು, ಕನ್ನಡಕ ಕಳಚಿ ಎಲ್ಲೋ ಬಿದ್ದದ್ದೂ ಗೊತ್ತಿಲ್ಲದೆ ಕೂಗುತ್ತಿದ್ದ. ಅಲ್ಲೇ ನನಗೆ ಇವನೇ ಅಳಿಯ ಎಂದು ನಿಜಕ್ಕೂ ಅನಿಸಿದ್ದು. ಹದಿಮೂರನೆಯ ಚೆಂಡಿಗೆ ಮುನ್ನ ರೀಸ್ ಎಂದಿಗಿಂತ ಹೆಚ್ಚು ಹೊತ್ತು ಮೊಣಕೈ ನೀವಿಕೊಂಡ. "ಈಗ!" ಎಂದೆ ನಾನು. ಒಬ್ಬ ಆಟಗಾರ ಮೊದಲೇ ಬೇಸ್ ಮೇಲಿದ್ದ. ಚೆಂಡು ಬೇಲಿ ದಾಟಿತು, ಎರಡು ರನ್. ಕಿಂಗ್ಸ್‌ಗೆ ಕೊನೆಯ ಸರದಿಯಲ್ಲಿ ಏನೂ ಗಿಟ್ಟಲಿಲ್ಲ.

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲು ನನ್ನಿಂದಾಗದು. ಗೋರ್ಡಿಯನ್ನು ಎತ್ತಿಕೊಂಡೆನಂತೆ. ಊರಿನ ಎಲ್ಲ ಚರ್ಚುಗಳ ಗಂಟೆಗಳು ಮೊಳಗಿದವು. ದೊಡ್ಡಮ್ಮನೊಬ್ಬರು ಹಿಟ್ಟಿನ ಬಟ್ಟಲನ್ನೇ ತಲೆಗೆ ಹಾಕಿಕೊಂಡು ಬೀದಿಗಿಳಿದರು. ಮಿಟ್ಜಿ ಬಂದು ನನ್ನ ಕೆನ್ನೆಗೆ ಮುತ್ತಿಟ್ಟು, "ಟೆಸ್‌ಗೆ ಹೇಳು, ಸಂಜೆ ಊಟಕ್ಕೆ ಖಂಡಿತ ಬರ್ತೀನಿ, ಚರ್ಚಿಗೆ ಮಾತ್ರ ಕರೀಬೇಡ" ಅಂದಳು. ಕರೆದ ಇನ್ನೂರು ಜನರಲ್ಲಿ ನೂರಾಹನ್ನೊಂದು ಮಂದಿ ಒಂದೇ ಗಂಟೆಯಲ್ಲಿ ಇದೇ ಮಾತನ್ನು ಹೇಳಿ ಕಳಿಸಿದರು. ಆಗಲೇ ನನಗೆ ಶನಿವಾರದ ನೆನಪಾದದ್ದು, ಸೋಫಾದಿಂದ ಇಳಿದದ್ದು.

ಸಂಜೆ ಬಿಸಿಲಿರುವಾಗಲೇ ಟೆಸ್ ನನ್ನನ್ನು ಮುಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿಕೊಂಡಳು. "ಅಪ್ಪಾ, ನೀನು ಆಟಕ್ಕೆ ಹೋಗು. ಚರ್ಚಲ್ಲಿ ನನ್ನನ್ನ ಗೋರ್ಡಿ ಹತ್ರ ಅಮ್ಮ ಕರ್ಕೊಂಡು ಹೋಗ್ತಾಳೆ. ಮೂವತ್ತೊಂದು ವರ್ಷ ಆ ಕಥೆ ಕೇಳಿ ಕಿವಿ ತೂತಾಗಿದೆ, ಇನ್ನೂ ಮೂವತ್ತೊಂದು ವರ್ಷ ಕೇಳೋಕೆ ನನ್ನ ಕೈಲಾಗಲ್ಲ" ಅಂದಳು. ನಗುತ್ತಲೇ ಹೇಳಿದಳು, ಆದರೆ ಕೆಳಗೆ ನೋಡಿಕೊಂಡು ಹೇಳಿದಳು. ಆಗ ನಾನು ಅವಳಿಗೆ ಯಾರಿಗೂ ಹೇಳದ ಸತ್ಯ ಹೇಳಿಬಿಟ್ಟೆ. ಅಂದು ಆಸ್ಪತ್ರೆಯಲ್ಲಿ ದಾದಿಯೊಬ್ಬಳು ಬಾಗಿಲಲ್ಲಿ ನಿಂತು ಎರಡು ಸಲ ಸ್ಕೋರು ಕೂಗಿದಳು. ನನಗೆ ಕೇಳಿಸಲೇ ಇಲ್ಲ, ಯಾಕೆಂದರೆ ನನ್ನ ಕೈಯಲ್ಲಿದ್ದ ಕೂಸು ಆಗ ಮೊದಲ ಸಲ ಸೀನುತ್ತಿತ್ತು. ಹೆರಾನ್ಸ್ ಸೋತರೆಂದು ನನಗೆ ಗೊತ್ತಾದದ್ದು ಮರುದಿನ ಪತ್ರಿಕೆಯಿಂದ. ನಾನು ಏನನ್ನೂ ಕಳೆದುಕೊಂಡಿರಲಿಲ್ಲ ಮಗಳೇ, ಗೊಣಗಿದ್ದೆಲ್ಲ ನಿನ್ನ ಮುಖ ಕೆಂಪಾಗುವುದನ್ನು ನೋಡಲಿಕ್ಕೆ ಅಂದೆ. ಅವಳು ನನ್ನ ಭುಜಕ್ಕೆ ಒಂದು ಗುದ್ದಿ ಅತ್ತಳು. ನಾನೂ ಅತ್ತೆ. ರೋಸ್‌ಮೇರಿ ಒಳಗಿನಿಂದ, "ಅಪ್ಪ ಮಗಳು ಅತ್ತಿದ್ದು ಮುಗಿದ್ರೆ ಬಂದು ಬಿಸ್ಕತ್ತು ಡಬ್ಬಿಗೆ ತುಂಬಿ" ಎಂದು ಕೂಗಿದಳು.

ಆದ್ದರಿಂದ ಮಾನ್ಯರೇ, ಇಂದಿನ ಪತ್ರಿಕೆಯಲ್ಲಿ ಹ್ಯಾಡ್ಲಿ ಹೆರಾನ್ಸ್ ಎದುರು ತಾವು ಧೈರ್ಯವಾಗಿ ಅಚ್ಚು ಹಾಕಿಸಿರುವ "ಶೇಕಡಾ ನೂರು" ಎಂಬ ಅಂಕಿಗಾಗಿ ಅಭಿನಂದನೆಗಳು. ಎಲ್ಲ ಮುಗಿದ ಮರುದಿನ ಇಷ್ಟು ನಿಖರವಾಗಿ ಹೇಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನನ್ನ ಬೇಡಿಕೆಗಳು ಹೆಚ್ಚಿಲ್ಲ. ತಾವು ಮೇ ತಿಂಗಳಲ್ಲಿ ಆಡಿ ನೋಡಿದ ಹತ್ತು ಸಾವಿರ ಸೀಸನ್ನುಗಳಲ್ಲಿ ಹೆರಾನ್ಸ್ ಗೆದ್ದ ಆ ನಲವತ್ತು ಇವೆಯಲ್ಲ, ಅವುಗಳ ಒಂದೊಂದು ಪಂದ್ಯದ ವರದಿಯನ್ನೂ ನನಗೆ ಕಳಿಸಿಕೊಡಬೇಕು, ಚಳಿಗಾಲದಲ್ಲಿ ಓದಿಕೊಳ್ಳುತ್ತೇನೆ. ಆ ನಲವತ್ತರಲ್ಲಿ ಒಂದರಲ್ಲಾದರೂ ನನ್ನ ಮಗಳ ಮದುವೆ ಶುಕ್ರವಾರ ಇತ್ತೇ ಎಂದು ಪರಿಶೀಲಿಸಿ ತಿಳಿಸಬೇಕು. ಸಾಧ್ಯವಾದರೆ ಆ ಲೋಕದ ಶುಕ್ರವಾರವನ್ನು ಈ ಲೋಕಕ್ಕೆ ಅಂಚೆಯಲ್ಲಿ ರವಾನಿಸಬೇಕು. ಮುಂದೆ ಯಾವ ತಂಡಕ್ಕಾದರೂ ಸೊನ್ನೆ ದಶಮಾಂಶ ನಾಲ್ಕು ಎಂದು ಬರೆಯುವಾಗ ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಇದನ್ನು ನೋಡಿ ಸಭಾಂಗಣ ಗೊತ್ತುಮಾಡಬೇಡಿ" ಎಂದು ಸೇರಿಸಬೇಕು.

ಕೊನೆಯದಾಗಿ, ಈ ಪತ್ರದ ಜೊತೆ ಒಂದು ಟಿಕೆಟ್ ಲಗತ್ತಿಸಿದ್ದೇನೆ: ಶನಿವಾರ, ಒಂದು ಗಂಟೆ ಎಂಟು ನಿಮಿಷ, ಹದಿನಾಲ್ಕನೆಯ ವಿಭಾಗ, ಆರನೆಯ ಸಾಲು, ಮೂರನೆಯ ಸೀಟು. ಇಪ್ಪತ್ತಾರು ವರ್ಷ ನಾನು ಕೂತು ಸವೆಸಿದ ಸೀಟು. ಅದನ್ನು ಊರಿನ ಯಾರಿಗೆ ಕೊಟ್ಟರೂ ಉಳಿದವರು ನನ್ನ ಜೊತೆ ಮಾತು ಬಿಡುತ್ತಾರೆ, ಅದಕ್ಕೇ ತಮಗೆ. ಇಷ್ಟು ಲಕ್ಷ ಪಂದ್ಯ ಆಡಿಸಿದ ತಾವು ಒಂದನ್ನೂ ನೋಡಿಲ್ಲವಲ್ಲ, ಬನ್ನಿ. ಹಿಂದಿನ ಸಾಲಿನಲ್ಲಿ ಮಿಟ್ಜಿ ಇರುತ್ತಾಳೆ, ತಮ್ಮ ವೈರುಗಳನ್ನು ಮಡಿಸಿ ಕೂರಿಸುತ್ತಾಳೆ. ನಾವು ಹಿಂದಿದ್ದರೆ ಎಂಟನೆಯ ಇನ್ನಿಂಗ್ಸಿನಲ್ಲಿ ಅದೃಷ್ಟ ತಿರುಗಲೆಂದು ಟೋಪಿಯನ್ನು ಒಳಗುಹೊರಗು ಮಾಡಿ ಹಾಕಿಕೊಳ್ಳುವುದು ಕಡ್ಡಾಯ. ಕಡಲೆಕಾಯಿ ಸಿಪ್ಪೆ ನೆಲಕ್ಕೇ ಹಾಕಿ. ದಯವಿಟ್ಟು ಯಾರಿಗೂ ಶೇಕಡಾ ಎಷ್ಟು ಎಂದು ಹೇಳಬೇಡಿ, ಅಲ್ಲಿ ಕೂತವರು ತಮ್ಮನ್ನು ಪ್ಲಗ್ಗಿನಿಂದ ಕಿತ್ತುಹಾಕುತ್ತಾರೆ.

ಮೇ ಇಪ್ಪತ್ತೊಂಬತ್ತರವರೆಗೆ ತಮ್ಮ ಮೇಲೆ ಪೂರ್ಣ ವಿಶ್ವಾಸವಿಟ್ಟಿದ್ದ,
ತಮ್ಮ ವಿಶ್ವಾಸಿ,
ಸ್ಟ್ಯಾನ್ ಹುಡಾಕ್
ಏಳನೇ ನಂಬರ್ ಬಸ್ಸಿನ ಚಾಲಕ, ವಧುವಿನ ತಂದೆ

ಮರೆತ ಮಾತು: ಚರ್ಚಿಗೆ ರೇಡಿಯೊ ತರಬಾರದೆಂದು ರೋಸ್‌ಮೇರಿ ನನ್ನ ಕೋಟಿನ ಎಲ್ಲ ಜೇಬುಗಳನ್ನೂ ಹೊಲಿದುಬಿಟ್ಟಿದ್ದಾಳೆ. ನಾನು ಮಾತು ಕೊಟ್ಟಿದ್ದೇನೆ, ತರುವುದಿಲ್ಲ. ಆದರೆ ವಧುವಿನ ಮುಸುಕಿನೊಳಗೆ ಕಿವಿಯಲ್ಲಿ ಏನಿದೆಯೆಂದು ಯಾರೂ ಬಗ್ಗಿ ನೋಡುವುದಿಲ್ಲ ಎಂದು ಟೆಸ್ ಇಂದು ಬೆಳಿಗ್ಗೆ ನನಗೆ ಫೋನ್ ಮಾಡಿ ಹೇಳಿದಳು. ನನ್ನ ತೋಳು ಹಿಡಿದು ನಡೆಯುವಾಗ ಹೆರಾನ್ಸ್‌ನ ಒಂದೊಂದು ರನ್ನಿಗೂ ಒಂದೊಂದು ಸಲ ಚಿವುಟುತ್ತಾಳಂತೆ. ಬಾಗಿಲಿನಿಂದ ಗೋರ್ಡಿ ನಿಂತಿರುವ ಜಾಗಕ್ಕೆ ನಾನು ಅಳೆದು ನೋಡಿದ್ದೇನೆ, ಸರಿಯಾಗಿ ನಲವತ್ತು ಹೆಜ್ಜೆ. ಆ ಸಂಖ್ಯೆ ತಮಗೆ ನೆನಪಿರಬಹುದು. ನಲವತ್ತು ಹೆಜ್ಜೆಯಲ್ಲಿ ಎಷ್ಟು ರನ್ ಬಂದೀತೆಂದು ತಾವು ಹತ್ತು ಸಾವಿರ ಸಲ ಲೆಕ್ಕ ಹಾಕುತ್ತಾ ಇರಿ, ನಾನು ಒಂದೇ ಒಂದು ಸಲ ನಿಧಾನಕ್ಕೆ ನಡೆಯುತ್ತೇನೆ.